ಅತ್ತೆಯ ಉಪ್ಪಿನಕಾಯಿ ಭರಣಿ, ರಾಯಚೂರು ಬಿಸಿಲು ಮತ್ತು ಸಾಯದ ಬ್ಯಾಕ್ಟೀರಿಯಾ

ಬಿಸಿಲೂರು ಸೊಸೆ, ರಾಯಚೂರು
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ದಿನದಿಂದ ಒಂದೇ ಜಗಳ. ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಮೊದಲು ಅತ್ತೆ ಭರಣಿಗಳನ್ನು ತೊಳೆದು ಮಾಳಿಗೆ ಮೇಲೆ ಬಿಸಿಲಿಗೆ ಇಡುತ್ತಾರೆ. "ನಮ್ಮೂರ ಬಿಸಿಲಿಗೆ ಯಾವ ಕ್ರಿಮಿನೂ ಉಳಿಯಂಗಿಲ್ಲ" ಅನ್ನುವುದು ಅವರ ಮಾತು. ಒಂಬತ್ತನೇ ಕ್ಲಾಸಿನ ನನ್ನ ಮಗ ಅದಕ್ಕೆ ಅಡ್ಡ ಬಂದ. ಮನುಷ್ಯನನ್ನು ಕೊಲ್ಲುವ ವಿಕಿರಣದ ಸಾವಿರ ಪಟ್ಟು ಕೊಟ್ಟರೂ ಸಾಯದ ಬ್ಯಾಕ್ಟೀರಿಯಾ ಇದೆಯಂತೆ, ಬಿಸಿಲು ಯಾವ ಲೆಕ್ಕ ಅಂತ. ಮೊನ್ನೆ ನಮ್ಮಲ್ಲಿ 44 ಡಿಗ್ರಿ ಇತ್ತು. ತಗಡು ಮುಟ್ಟಿದರೆ ಕೈ ಸುಡುತ್ತದೆ. ಇಷ್ಟಕ್ಕೂ ಸಾಯುವುದಿಲ್ಲವಾ? ತಿಳಿದವರು ಹೇಳಿ, ನಡುವೆ ಸಿಕ್ಕಿಕೊಂಡವಳು ನಾನು.

ಫೈನಲ್ ಇಯರ್, ರಾಯಚೂರು
ಅಕ್ಕಾ, ನಿಮ್ಮ ಮಗ ಹೇಳಿದ್ದು ಡೈನೊಕಾಕಸ್ ರೇಡಿಯೊಡ್ಯೂರನ್ಸ್ ಬಗ್ಗೆ. 1956ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಆರ್ಥರ್ ಆಂಡರ್ಸನ್ ಅನ್ನುವವರಿಗೆ ಸಿಕ್ಕಿತು. ಮಾಂಸದ ಡಬ್ಬಿಗಳಿಗೆ ಗಾಮಾ ಕಿರಣ ಹಾಯಿಸಿ, ಒಳಗಿದ್ದ ಎಲ್ಲವೂ ಸತ್ತಿತು ಅಂದುಕೊಂಡಿದ್ದರು. ಒಂದು ಡಬ್ಬಿ ಕೆಟ್ಟಿತು. ಒಳಗೆ ನೋಡಿದರೆ ಗುಲಾಬಿ ಬಣ್ಣದ ಈ ಪುಣ್ಯಾತ್ಮ ಕೂತಿದ್ದ. ವಿಕಿರಣ ಅಳೆಯುವುದು ಗ್ರೇ ಲೆಕ್ಕದಲ್ಲಿ. ಮೈಗೆಲ್ಲ 5 ಗ್ರೇ ಬಿದ್ದರೆ ಮನುಷ್ಯ ಉಳಿಯುವುದು ಕಷ್ಟ. ನಮ್ಮ ಕರುಳಿನ ಇ. ಕೋಲೈ ಕೆಲವು ನೂರು ಗ್ರೇಗೆ ಮುಗಿಯುತ್ತದೆ. ಇದು 5000 ಗ್ರೇ ತಿಂದರೂ ಹೆಚ್ಚುಕಡಿಮೆ ಎಲ್ಲವೂ ಬದುಕುತ್ತವೆ. ಸಾವಿರ ಪಟ್ಟು ಅಂದಿದ್ದು ಸರಿಯಾಗೇ ಇದೆ, ಹುಡುಗನಿಗೆ ಶಾಬಾಷ್ ಹೇಳಿ.

ನಿವೃತ್ತ ಮೇಷ್ಟ್ರು, ಬಳ್ಳಾರಿ
ತಂಗೀ, ಅತ್ತೆಯವರ ಕೆಲಸ ಸರಿ, ಹೇಳುವ ಕಾರಣ ತಪ್ಪು. ಮಗನ ಕಾರಣ ಸರಿ, ಆದರೆ ಅದನ್ನು ಭರಣಿಗೆ ತಂದು ಅಂಟಿಸಿದ್ದು ತಪ್ಪು.

ಬಿಸಿಲಿಗೆ ಬಹಳಷ್ಟು ಕ್ರಿಮಿ ಸಾಯುವುದು ನಿಜ. ಬೇರೆ ಬೇರೆ ದೇಶಗಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ತಿಳಿನೀರು ತುಂಬಿ ಆರು ತಾಸು ಬಿಸಿಲಿಗೆ ಇಟ್ಟು ಕುಡಿಯುತ್ತಾರೆ. ಬಿಸಿಲಿನ ನೇರಳಾತೀತ ಕಿರಣ ಮತ್ತು ಕಾವು ಎರಡೂ ಸೇರಿ ವಾಂತಿಭೇದಿ ತರುವ ಕ್ರಿಮಿಗಳನ್ನು ಕೊಲ್ಲುತ್ತವೆ. ಆದರೆ ಅದರಲ್ಲಿ ಸ್ಪೋರ್ ಸಾಯುವುದಿಲ್ಲ. ಪಾಠದ ಪುಸ್ತಕದಲ್ಲಿ ಬೀಜಕ ಅಂತ ಬರೆಯುತ್ತಾರೆ. ನಮ್ಮ ಕಡೆ ಮಣ್ಣು ಧೂಳು ಜಾಸ್ತಿ ಅಲ್ವಾ, ಆ ಧೂಳಿನಲ್ಲಿ ಇವು ತುಂಬಿವೆ.

ಅದು ಹೇಗೆ ಬದುಕುತ್ತದೆ ಅಂತ ರೈತರಿಗೆ ಹೇಳುವುದು ಸುಲಭ. ಮೊಳಕೆ ಒಡೆದ ಭತ್ತವನ್ನು ಬಿಸಿಲಿಗೆ ಹರಡಿ. ತಾಸಿನಲ್ಲಿ ಸುಟ್ಟು ಹೋಗುತ್ತದೆ. ಒಣ ಬೀಜವನ್ನು ಅದೇ ಬಿಸಿಲಿಗೆ ಹರಡಿ. ಇನ್ನೂ ಒಳ್ಳೆಯದೇ ಆಯಿತು. ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಇದೇ ಆಟ ಆಡುತ್ತವೆ. ಊಟ ಕಡಿಮೆ ಆಗುತ್ತಿದ್ದಂತೆ ತಮ್ಮೊಳಗೇ ಒಂದು ಗಟ್ಟಿ ಕಾಳು ಕಟ್ಟುತ್ತವೆ. ಅದರ ಒಳತಿರುಳಿನಿಂದ ನೀರು ಹಿಂಡಿ ತೆಗೆದು ಆ ಜಾಗಕ್ಕೆ ಡೈಪಿಕೊಲಿನಿಕ್ ಆಮ್ಲ ಮತ್ತು ಕ್ಯಾಲ್ಸಿಯಂ ತುಂಬುತ್ತವೆ. ಡಿಎನ್‌ಎಗೆ ಸಣ್ಣ ಸಣ್ಣ ಪ್ರೋಟೀನುಗಳ ಹೊದಿಕೆ. ಅದರ ಮೇಲೆ ಪದರದ ಮೇಲೆ ಪದರ. ಪ್ರೋಟೀನು ಬೆಂದು ಗಟ್ಟಿಯಾಗಲು ನೀರು ಬೇಕು, ಇಲ್ಲಿ ನೀರೇ ಕಡಿಮೆ. ಅದಕ್ಕೇ ಕುದಿಯುವ ನೀರಿನಲ್ಲೂ ಎಷ್ಟೋ ಸ್ಪೋರ್ ಬದುಕಿ ಬರುತ್ತವೆ.

ಸಿಂಧನೂರು ಭತ್ತ
ಸರ್, ಮೊಳಕೆ ಭತ್ತದ ಮಾತು ನೇರ ತಲೆಗೆ ಹೋಯಿತು. ಒಂದು ಕೇಳಬೇಕು. ಎರಡು ವರ್ಷದ ಹಿಂದೆ ಕಡಲೆ ಬೀಜಕ್ಕೆ ಹಚ್ಚಲು ರೈಜೋಬಿಯಂ ಪಾಕೀಟು ತಂದಿದ್ದೆ. ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಸಾರಜನಕ ಕೊಡುವ ಬ್ಯಾಕ್ಟೀರಿಯಾ ಅದು. ಅಂಗಡಿಯವನು ತಗಡಿನ ಶೆಡ್ಡಿನಲ್ಲಿ ಬ್ಯಾಸಗಿ ಪೂರ್ತಿ ಇಟ್ಟಿದ್ದು. ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚಿ ಬಿತ್ತಿದೆ. ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಗಂಟೇ ಇಲ್ಲ. ಬ್ಯಾಕ್ಟೀರಿಯಾ ಅಷ್ಟು ಗಟ್ಟಿ ಅಂದರೆ ನನ್ನ ಪಾಕೀಟಿನವು ಯಾಕೆ ಸತ್ತವು?

ನಿವೃತ್ತ ಮೇಷ್ಟ್ರು, ಬಳ್ಳಾರಿ
ರೈಜೋಬಿಯಂಗೆ ಸ್ಪೋರ್ ಕಟ್ಟಲು ಬರುವುದಿಲ್ಲ ಅಣ್ಣಾ. ಅದು ಮೊಳಕೆ ಭತ್ತ ಇದ್ದಂತೆ. ತಗಡಿನ ಕೆಳಗೆ ದಿನಾ 40 ದಾಟಿದರೆ ಪಾಕೀಟಿನಲ್ಲಿ ಬರೀ ಕಪ್ಪು ಪುಡಿ ಉಳಿಯುತ್ತದೆ. ತಂಪಿನಲ್ಲಿ ಇಟ್ಟಿದ್ದನ್ನೇ ಕೇಳಿ ತರಬೇಕು, ಬೀಜಕ್ಕೆ ಹಚ್ಚಿದ ಮೇಲೆ ನೆರಳಲ್ಲೇ ಆರಿಸಬೇಕು. ಅದೇ ಅಂಗಡಿಯ ಬ್ಯಾಸಿಲಸ್ ಸಬ್ಟಿಲಿಸ್ ಪುಡಿ ಅಷ್ಟು ಬೇಗ ಕೆಡುವುದಿಲ್ಲ. ಅದರಲ್ಲಿ ಇರುವುದು ಸ್ಪೋರ್.

ನಿಮ್ಮ ಕಡೆಯ ಇನ್ನೊಂದು ಹೆಸರು ಹೇಳಲೇ? ಬಿಟಿ ಹತ್ತಿ. ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಅದೂ ಸ್ಪೋರ್ ಕಟ್ಟುವ ಜಾತಿಯೇ. ಸ್ಪೋರ್ ಕಟ್ಟುವಾಗ ಪಕ್ಕದಲ್ಲೇ ಒಂದು ಪ್ರೋಟೀನಿನ ಹರಳನ್ನೂ ಕಟ್ಟುತ್ತದೆ, ಕಾಯಿಕೊರಕನಿಗೆ ಅದೇ ವಿಷ. ಆ ಹರಳಿನ ಜೀನನ್ನು ಹತ್ತಿಗೆ ಸೇರಿಸಿದರು. 2002ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿತು.

ಗಂಗಾವತಿ ಮೆಸ್
ನಂದೂ ಒಂದು ಕಥೆ ಇದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಖಾನಾವಳಿ ಶುರು ಮಾಡಿದ ಹೊಸದರಲ್ಲಿ ಮಧ್ಯಾಹ್ನ ಉಳಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟು, ರಾತ್ರಿ ಬಿಸಿ ಎಣ್ಣೆಯಲ್ಲಿ ಹುರಿದು ಚಿತ್ರಾನ್ನ ಮಾಡಿದ್ದೆ. ವಾಸನೆ ಇಲ್ಲ, ಹುಳಿ ಇಲ್ಲ. ತಿಂದ ನಾಲ್ಕೈದು ಹುಡುಗರು ಎರಡೇ ತಾಸಿನಲ್ಲಿ ವಾಂತಿ. ಕುದಿಸಿದ ಅನ್ನ, ಮತ್ತೆ ಹುರಿದದ್ದು. ಏನು ಬದುಕಿತ್ತು ಅದರಲ್ಲಿ? ನೀರು ಕೆಟ್ಟಿತ್ತು ಅಂತ ನಾನು ಇವತ್ತಿನವರೆಗೂ ಟ್ಯಾಂಕರಿನವನನ್ನೇ ಬೈಯುತ್ತಿದ್ದೆ.

ಓಟಿ ಸಿಸ್ಟರ್, ಬಳ್ಳಾರಿ
ಪಾಪ ಟ್ಯಾಂಕರಿನವನು! ಅದು ಬ್ಯಾಸಿಲಸ್ ಸೀರಿಯಸ್ ಇರಬೇಕು ಅಣ್ಣಾ. ಬೇಗ ವಾಂತಿ ಆಗಿದ್ದು ನೋಡಿದರೆ ಹಾಗನ್ನಿಸುತ್ತದೆ. ಅಕ್ಕಿಯ ಜೊತೆ ಗದ್ದೆಯಿಂದಲೇ ಸ್ಪೋರ್ ಬರುತ್ತದೆ. ಅನ್ನ ಕುದಿಯುವಾಗ ಬೇರೆ ಕ್ರಿಮಿ ಸಾಯುತ್ತವೆ, ಇದು ಸಾಯುವುದಿಲ್ಲ. ಮೇಲಿಂದ ಕಾವು ತಗುಲಿ ಎಚ್ಚರ ಆಗುತ್ತದೆ. ಮುಚ್ಚಿದ ದೊಡ್ಡ ಪಾತ್ರೆ ಸಂಜೆವರೆಗೂ ನಡುವೆ ಬೆಚ್ಚಗೇ ಇರುತ್ತದೆ. ಪೈಪೋಟಿಗೆ ಯಾರೂ ಇಲ್ಲ. ಆರಾಮಾಗಿ ಬೆಳೆದು ಸೆರಿಯುಲೈಡ್ ಅನ್ನುವ ವಿಷ ಬಿಡುತ್ತದೆ. ನೀವು ರಾತ್ರಿ ಹುರಿದಾಗ ಬ್ಯಾಕ್ಟೀರಿಯಾ ಸತ್ತಿರಬಹುದು. ವಿಷ ಸಾಯುವುದಿಲ್ಲ, ಅದು ಬಾಣಲೆಯ ಕಾವಿಗೆ ಜಗ್ಗುವಂಥದ್ದಲ್ಲ. ಅನ್ನ ಇಟ್ಟರೆ 60 ಡಿಗ್ರಿಗಿಂತ ಮೇಲೆ ಇಡಿ. ಇಲ್ಲ ಅಂದರೆ ಅಗಲದ ಪರಾತದಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಹಾಕಿ.

ಆಪರೇಷನ್ ಸಾಮಾನನ್ನು ಹಬೆಯ ಒತ್ತಡದಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ನಮ್ಮ ಆಟೋಕ್ಲೇವ್ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಅದು ಹುಟ್ಟಿದ್ದೇ ಈ ಸ್ಪೋರ್ ಕಾಟಕ್ಕೆ. 121 ಡಿಗ್ರಿ, 15 ಪೌಂಡ್ ಒತ್ತಡ, ಕನಿಷ್ಠ 15 ನಿಮಿಷ. ಒದ್ದೆ ಹಬೆ ಒಳಗೆ ನುಗ್ಗುವುದಕ್ಕೆ ಅಷ್ಟು ಸಾಕು. ಅದೇ ಒಣ ಓವನ್‌ನಲ್ಲಿ ಮಾಡಿದರೆ 160 ಡಿಗ್ರಿಯಲ್ಲಿ ಎರಡು ತಾಸು ಬೇಕು. ಹೊಸ ಹುಡುಗಿಯರು ಸಾಮಾನು ತುಂಬಿದ ಡ್ರಮ್ಮಿನ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಬಂತು ಅಂದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಆ ಗೆರೆ ಕಾವು ತಗುಲಿತು ಅಂತ ಹೇಳುತ್ತದೆ, ಅಷ್ಟೇ. ಖಾತ್ರಿ ಬೇಕಾದರೆ ಜಿಯೋಬ್ಯಾಸಿಲಸ್ ಸ್ಟಿಯರೊಥರ್ಮೋಫಿಲಸ್ ಸ್ಪೋರ್ ಇರುವ ಚಿಕ್ಕ ಶೀಶೆಯನ್ನು ಸಾಮಾನಿನ ನಡುವೆ ಇಡುತ್ತೇವೆ. ಕಾವಿಗೆ ಬಹಳ ಗಟ್ಟಿ ಅಂತಲೇ ಇದನ್ನು ಆರಿಸಿದ್ದಾರೆ. ಆಮೇಲೆ ಶೀಶೆಯನ್ನು ಬೆಚ್ಚಗೆ ಇಟ್ಟು ಕಾಯುತ್ತೇವೆ. ನೇರಳೆ ಇದ್ದದ್ದು ಹಳದಿ ಆಯಿತೋ, ಒಳಗಿನದು ಬದುಕಿದೆ ಅಂತ ಅರ್ಥ. ಪೂರ್ತಿ ಸಾಮಾನು ವಾಪಸ್.

ಹಾಂ, ಸ್ಯಾನಿಟೈಜರ್‌ಗೂ ಸ್ಪೋರ್ ಬಗ್ಗುವುದಿಲ್ಲ. ಸೋಪು ನೀರು ಹಾಕಿ ತಿಕ್ಕಿ ತೊಳೆದರೆ ಕೈಯಿಂದ ಜಾರಿ ಹೋಗುತ್ತದೆ.

ದನದ ಡಾಕ್ಟ್ರು, ಕೊಪ್ಪಳ
ಸಿಸ್ಟರ್ ಹೇಳಿದ್ದು ಆಸ್ಪತ್ರೆ ಒಳಗಿನ ಮಾತಾಯಿತು. ನಾನು ಹೊಲದ ಮಾತು ಹೇಳುತ್ತೇನೆ. ನೆರಡಿ ರೋಗ ಅಂತೀವಲ್ಲ, ಆಂಥ್ರಾಕ್ಸ್. ಕುರಿ ಸತ್ತು ಮೂಗು ಬಾಯಿಂದ ಕಪ್ಪು ರಕ್ತ ಬಂದಿದ್ದರೆ ಕೊಯ್ಯಬೇಡಿ, ಸುಲಿಯಬೇಡಿ ಅಂತ ಕುರಿಗಾಹಿಗಳಿಗೆ ಗಂಟಲು ಹರಿದು ಹೇಳುತ್ತೇವೆ. ತೊಗಲಿನ ಆಸೆಗೆ ಸುಲಿದೇ ಬಿಡುತ್ತಾರೆ. ಯಾಕೆ ಬೇಡ ಅಂದರೆ, ಮುಚ್ಚಿದ ಮೈಯಲ್ಲಿ ಗಾಳಿ ಇಲ್ಲದೆ ಈ ಬ್ಯಾಕ್ಟೀರಿಯಾ ಸ್ಪೋರ್ ಕಟ್ಟುವುದಿಲ್ಲ, ಕೊಳೆಯುವಾಗ ಬಹುಪಾಲು ಅಲ್ಲೇ ಸಾಯುತ್ತವೆ. ಕೊಯ್ದರೆ ರಕ್ತಕ್ಕೆ ಗಾಳಿ ತಗುಲಿತು, ಸ್ಪೋರ್ ಆಯಿತು, ಮಣ್ಣಿಗೆ ಸೇರಿತು. ಆಮೇಲೆ ಆ ಜಾಗ ಹತ್ತಾರು ವರ್ಷ ನಂಬುವ ಹಾಗಿಲ್ಲ.

ಜಾಸ್ತಿ ಹೇಳಿದೆ ಅನ್ನಿಸಿದರೆ ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ದ್ವೀಪದ ಕಥೆ ಕೇಳಿ. 1942ರಲ್ಲಿ ಬ್ರಿಟಿಷರು ಅಲ್ಲಿ ಕುರಿಗಳನ್ನು ಕಟ್ಟಿ ಆಂಥ್ರಾಕ್ಸ್ ಬಾಂಬು ಪರೀಕ್ಷೆ ಮಾಡಿದರು. ಯುದ್ಧ ಮುಗಿಯಿತು, ಸ್ಪೋರ್ ಮುಗಿಯಲಿಲ್ಲ. 1986ರಲ್ಲಿ ಸಮುದ್ರದ ನೀರಿಗೆ ಫಾರ್ಮಾಲ್ಡಿಹೈಡ್ ಬೆರೆಸಿ ನೆಲಕ್ಕೆಲ್ಲ ಹೊಡೆದರು. 1990ರಲ್ಲಿ ಜನ ಕಾಲಿಡಬಹುದು ಅಂತ ಘೋಷಿಸಿದರು.

ಧನುರ್ವಾಯುವೂ ಇದೇ ಪೈಕಿ. ಮೊಳೆಯ ತುಕ್ಕಿನಿಂದ ಬರುತ್ತದೆ ಅಂತ ಜನ ನಂಬಿದ್ದಾರೆ. ತುಕ್ಕಿನದೇನೂ ತಪ್ಪಿಲ್ಲ. ಮೊಳೆಗೆ ಹತ್ತಿದ ಮಣ್ಣು, ಸಗಣಿಯಲ್ಲಿರುವ ಸ್ಪೋರ್ ಗಾಳಿ ಆಡದ ಆಳದ ಗಾಯಕ್ಕೆ ಹೋದಾಗ ಏಳುತ್ತದೆ. ಇಂಜೆಕ್ಷನ್ ತಪ್ಪಿಸಬೇಡಿ.

ಬಿಸಿಲೂರು ಸೊಸೆ, ರಾಯಚೂರು
ಅಯ್ಯೋ, ನಾನು ಭರಣಿ ಕೇಳಿದರೆ ನೀವು ಬಾಂಬಿನವರೆಗೂ ಹೋದಿರಿ! ಮಗ ಪಕ್ಕದಲ್ಲೇ ಕೂತು ಓದುತ್ತಿದ್ದಾನೆ. ಅವನ ಪ್ರಶ್ನೆ ಇದು: ಆ ಗುಲಾಬಿ ಬ್ಯಾಕ್ಟೀರಿಯಾ ಕೂಡ ಸ್ಪೋರ್ ಕಟ್ಟಿಯೇ ಬದುಕುವುದಾ? ಮತ್ತೆ ಭೂಮಿ ಮೇಲೆ ಎಲ್ಲೂ ಅಷ್ಟು ವಿಕಿರಣ ಇಲ್ಲದಿದ್ದರೆ ಅದು ಆ ಶಕ್ತಿ ಯಾಕೆ ಇಟ್ಟುಕೊಂಡಿದೆ?

ಫೈನಲ್ ಇಯರ್, ರಾಯಚೂರು
ಇದೇ ಪ್ರಶ್ನೆಯನ್ನು ನಮ್ಮ ಕ್ಲಾಸಿನಲ್ಲಿ ಒಬ್ಬರೂ ಕೇಳಲಿಲ್ಲ ಅಕ್ಕಾ. ಇಲ್ಲ, ಅದು ಸ್ಪೋರ್ ಕಟ್ಟುವುದಿಲ್ಲ. ಕಾವಿಗೂ ಅದು ಗಟ್ಟಿ ಅಲ್ಲ, 30 ಡಿಗ್ರಿ ಆಸುಪಾಸು ಅದಕ್ಕೆ ಹಿತ. ನಮ್ಮ ಬ್ಯಾಸಗಿಯಲ್ಲಿ ಅದೂ ಕಣ್ಣು ಕಣ್ಣು ಬಿಡುತ್ತದೆ.

ಎರಡನೇ ಪ್ರಶ್ನೆಗೆ ಉತ್ತರ ಒಣಗುವುದರಲ್ಲಿದೆ. 1996ರಲ್ಲಿ ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿಯ ಮ್ಯಾಟಿಮೋರ್ ಮತ್ತು ಬ್ಯಾಟಿಸ್ಟಾ, ವಿಕಿರಣಕ್ಕೆ ಸಾಯುವಂತೆ ಕೆಟ್ಟುಹೋದ ಡೈನೊಕಾಕಸ್ ತಳಿಗಳನ್ನು ತೆಗೆದುಕೊಂಡು ಒಣಗಿಸಿ ನೋಡಿದರು. ಅವು ಒಣಗುವುದನ್ನೂ ತಡೆಯಲಿಲ್ಲ. ಜೀವಕೋಶ ಒಣಗಿದಾಗ ಡಿಎನ್‌ಎ ತುಂಡು ತುಂಡಾಗುತ್ತದೆ, ವಿಕಿರಣ ಬಿದ್ದಾಗಲೂ ಹಾಗೇ. ರಿಪೇರಿ ಕಲಿತದ್ದು ಬರಗಾಲಕ್ಕೆ. ವಿಕಿರಣ ಬಂದಾಗ ಅದೇ ಕಸುಬು ಕೆಲಸಕ್ಕೆ ಬಂತು.

ರಿಪೇರಿ ಹೇಗೆ ಅಂದರೆ, ಒಂದೇ ಡಿಎನ್‌ಎಯ ನಾಲ್ಕರಿಂದ ಹತ್ತು ಪ್ರತಿ ಅದರ ಹತ್ತಿರ ಇರುತ್ತವೆ. ಒಂದು ಪಹಣಿಯ ನಾಲ್ಕು ಜೆರಾಕ್ಸ್ ಹರಿದು ಚಿಂದಿಯಾಗಿವೆ ಅಂದುಕೊಳ್ಳಿ. ನಾಲ್ಕೂ ಒಂದೇ ಜಾಗದಲ್ಲಿ ಹರಿದಿರುವುದಿಲ್ಲ. ಒಂದರಲ್ಲಿ ಸರ್ವೆ ನಂಬರ್ ಅರ್ಧ ಹೋದರೆ ಇನ್ನೊಂದರ ಚೂರಿನಲ್ಲಿ ಪೂರ್ತಿ ಇರುತ್ತದೆ. ಚೂರಿನ ಮೇಲೆ ಚೂರು ಇಟ್ಟು ಹೊಂದಿಸುತ್ತಾ ಹೋದರೆ ಇಡೀ ಪಹಣಿ ಸಿಗುತ್ತದೆ. ನೂರಾರು ತುಂಡಾದದ್ದನ್ನು ಇದು ಒಂದು ದಿನದೊಳಗೆ ಜೋಡಿಸುತ್ತದೆ. 2006ರಲ್ಲಿ ಮಿರೊಸ್ಲಾವ್ ರಾಡ್‌ಮನ್ ಅವರ ಪ್ಯಾರಿಸ್ ತಂಡ ಈ ಜೋಡಣೆಯ ದಾರಿ ತೋರಿಸಿತು.

ನಿವೃತ್ತ ಮೇಷ್ಟ್ರು, ಬಳ್ಳಾರಿ
ತಮ್ಮಾ, ಪಹಣಿ ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧಕ್ಕೆ ಬಿಟ್ಟೆ. ಜೋರಾಗಿ ಬೆಳೆಯುವ ಇ. ಕೋಲೈ ಹತ್ತಿರವೂ ಒಂದಕ್ಕಿಂತ ಜಾಸ್ತಿ ಪ್ರತಿ ಇರುತ್ತವೆ, ಅಂಟಿಸುವ ವಿದ್ಯೆಯೂ ಅದಕ್ಕೆ ಬರುತ್ತದೆ. ಆದರೂ ಯಾಕೆ ಸಾಯುತ್ತದೆ? ಹರಿದ ಕಾಗದ ಇದ್ದರೆ ಸಾಲದು, ಅದನ್ನು ಅಂಟಿಸುವ ಗುಮಾಸ್ತ ಬದುಕಿರಬೇಕು. ಗುಮಾಸ್ತ ಅಂದರೆ ಪ್ರೋಟೀನು. ವಿಕಿರಣ ನೀರನ್ನು ಒಡೆದು ಹುಟ್ಟಿಸುವ ಕಿಡಿಗಳು ಮೊದಲು ಪ್ರೋಟೀನನ್ನೇ ಸುಡುತ್ತವೆ. ಮೈಕೆಲ್ ಡೇಲಿ ಎಂಬುವರ ತಂಡ 2004ರಲ್ಲಿ ತೋರಿಸಿದ್ದು ಇದನ್ನು: ಇಂಥ ಗಟ್ಟಿ ಬ್ಯಾಕ್ಟೀರಿಯಾಗಳಲ್ಲಿ ಕಬ್ಬಿಣ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಮ್ಯಾಂಗನೀಸ್ ಸಣ್ಣ ಅಣುಗಳ ಜೊತೆ ಸೇರಿ ಆ ಕಿಡಿಗಳನ್ನು ನುಂಗಿ ಗುಮಾಸ್ತನನ್ನು ಕಾಯುತ್ತದೆ. ಸಂಡೂರಿನ ಮಗ್ಗುಲಲ್ಲಿ ಹುಟ್ಟಿ ಬೆಳೆದವನು ನಾನು, ಮ್ಯಾಂಗನೀಸ್ ಅಂದರೆ ಲಾರಿ, ಧೂಳು ಅಂತಲೇ ಗೊತ್ತಿತ್ತು. ಈ ಕೆಲಸವನ್ನೂ ಮಾಡುತ್ತದೆ ಅಂತ ತಿಳಿದಾಗ ಖುಷಿಯಾಯಿತು.

ಹಟ್ಟಿ ಪಾಳಿ, ಲಿಂಗಸೂಗೂರು
ಗಣಿಯೊಳಗೆ ಇಳಿಯುವವರಿಗೂ ಒಂದು ಮಾತು ಹೇಳಿ ಸರ್. ಕೆಳಗೆ ಬಿಸಿಲಿಲ್ಲ, ಆದರೂ ಸೆಕೆ ಅಂದರೆ ಸೆಕೆ. ಅಲ್ಲೂ ಇವು ಇರುತ್ತವಾ?

ಫೈನಲ್ ಇಯರ್, ರಾಯಚೂರು
ಅಣ್ಣಾ, ಹಟ್ಟಿಯದಲ್ಲ, ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿಯದು ಹೇಳುತ್ತೇನೆ. 2.8 ಕಿಲೋಮೀಟರ್ ಆಳ, 60 ಡಿಗ್ರಿ ಬಿಸಿ ನೀರು. ಅಲ್ಲಿ ಡೆಸಲ್ಫೊರೂಡಿಸ್ ಅನ್ನುವ ಒಂದೇ ಜಾತಿ ಹೆಚ್ಚುಕಡಿಮೆ ಇಡೀ ಊರು ಆಳುತ್ತಿತ್ತು. ಬಂಡೆಯೊಳಗಿನ ಯುರೇನಿಯಂ ನೀರನ್ನು ಒಡೆದು ಹೈಡ್ರೋಜನ್ ಕೊಡುತ್ತದೆ, ಇದು ಅದನ್ನೇ ಉಂಡು ಬದುಕುತ್ತದೆ. ಇದಕ್ಕೆ ಸ್ಪೋರ್ ಕಟ್ಟಲೂ ಬರುತ್ತದೆ.

ಗಂಗಾವತಿ ಮೆಸ್
ನನಗೆ ಇನ್ನೊಂದು ಅನುಮಾನ. ಖಾರದಪುಡಿ, ಮೆಣಸಿಗೆ ವಿಕಿರಣ ಹಾಯಿಸುತ್ತಾರೆ ಅಂತ ಓದಿದ್ದೆ. ಸಾಯದ ಬ್ಯಾಕ್ಟೀರಿಯಾ ಇದ್ದ ಮೇಲೆ ಅದು ದಂಡ ಅಲ್ವಾ? ಉಳಿದವು ಇನ್ನೂ ಬಲಿತು ನಮಗೇ ತಿರುಗಿ ಬಿದ್ದರೆ?

ನಿವೃತ್ತ ಮೇಷ್ಟ್ರು, ಬಳ್ಳಾರಿ
ಹೆದರಬೇಡಿ. ಡೈನೊಕಾಕಸ್ ಜನರಿಗೆ ರೋಗ ತರುವ ಜಾತಿಯಲ್ಲ. ಮಸಾಲೆಗೆ ಕೊಡುವುದು 6ರಿಂದ 14 ಸಾವಿರ ಗ್ರೇ. ಅಷ್ಟಕ್ಕೆ ಸ್ಪೋರ್ ಲೆಕ್ಕ ಬಹಳ ಇಳಿಯುತ್ತದೆ. ಖಾರದಪುಡಿ ವಿಕಿರಣ ಸೂಸುವುದೂ ಇಲ್ಲ. ಸಿಸ್ಟರ್ ಬಳಸುವ ಸಿರಿಂಜಿಗೆ 25 ಸಾವಿರದವರೆಗೂ ಕೊಡುತ್ತಾರೆ. ಮೆಣಸಿನಕಾಯಿಯನ್ನು ನೆಲದ ಮೇಲೆ ಹರಡಿ ಒಣಗಿಸುವವರು ನಾವು, ಧೂಳಿನ ಜೊತೆ ಸ್ಪೋರ್ ಹತ್ತದೇ ಇರುತ್ತದಾ? ಒಣ ಪುಡಿಯಲ್ಲಿ ಅವು ಸುಮ್ನೆ ಮಲಗಿರುತ್ತವೆ. ನೀರು ಬಿದ್ದಾಗಲೇ ಆಟ.

ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದೇ ಇರುವುದೂ ಇದಕ್ಕೇ. ಅದರ ಮೇಲೆ ಕ್ರಿಮಿ ಇಲ್ಲ ಅಂತಲ್ಲ, ಅವಕ್ಕೆ ಕುಡಿಯಲು ನೀರಿಲ್ಲ. ಒಂದು ಸಲ ತೇವ ಹತ್ತಲಿ, ಎರಡು ದಿನದಲ್ಲಿ ಬೂಸಲು.

ಫೈನಲ್ ಇಯರ್, ರಾಯಚೂರು
ಹುಡುಗನಿಗೆ ಇನ್ನೊಂದು ಕಥೆ ಇದೆ. ಜಪಾನಿನವರು 2015ರಿಂದ ಡೈನೊಕಾಕಸ್‌ನ ಒಣ ಹೆಂಟೆಗಳನ್ನು ಬಾಹ್ಯಾಕಾಶ ನಿಲ್ದಾಣದ ಹೊರಗೆ ಇಟ್ಟಿದ್ದರು. ಕೆಲವನ್ನು ಮೂರು ವರ್ಷ ಬಿಟ್ಟರು. ಅರ್ಧ ಮಿಲಿಮೀಟರ್ ದಪ್ಪದ ಹೆಂಟೆಯಲ್ಲಿ ಮೇಲಿನವು ಸತ್ತವು, ಒಳಗಿನವು ಬದುಕಿ ಬಂದವು. ನಮ್ಮ ಬಣವೆ ಇದ್ದಂತೆ. ಮೇಲಿನ ಸೊಪ್ಪೆ ಕಪ್ಪಾದರೂ ಒಳಗಿನದು ಹಾಗೇ ಇರುತ್ತದಲ್ಲ.

ನಿವೃತ್ತ ಮೇಷ್ಟ್ರು, ಬಳ್ಳಾರಿ
ಬಾಹ್ಯಾಕಾಶಕ್ಕೆ ಯಾಕೆ ಹೋಗಬೇಕು ತಮ್ಮಾ, ನಮ್ಮ ಬಂಡೆಗಳೇ ಇವೆ. ಆನೆಗೊಂದಿ, ಹಂಪಿ ಕಡೆಯ ಗುಂಡುಗಳ ಮೇಲೆ ಮಳೆ ನೀರು ಇಳಿಯುವ ದಾರಿಯಲ್ಲಿ ಕಪ್ಪು ಪಟ್ಟೆ ನೋಡಿದ್ದೀರಲ್ಲ? ಬಹಳ ಜನ ಅದನ್ನು ಕೊಳೆ ಅಂತಾರೆ. ಗ್ರಾನೈಟ್ ಮೇಲಿನ ಇಂಥ ಪಟ್ಟೆಗಳಲ್ಲಿ ಹೆಚ್ಚಾಗಿ ಇರುವುದು ಸೈನೊಬ್ಯಾಕ್ಟೀರಿಯಾ, ಗಿಡದಂತೆ ಬಿಸಿಲಿನಿಂದಲೇ ಊಟ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಎಂಟು ತಿಂಗಳು ಸುಡುವ ಕಲ್ಲಿನ ಮೇಲೆ ಚಕ್ಕಳದಂತೆ ಒಣಗಿ ಕೂತಿರುತ್ತವೆ. ಸೈಟೊನೆಮಿನ್ ಅನ್ನುವ ಕಂದು ಬಣ್ಣ ಅವಕ್ಕೆ ಕೊಡೆ ಇದ್ದಂತೆ, ನೇರಳಾತೀತ ಕಿರಣವನ್ನು ತಡೆಯುತ್ತದೆ. ಟ್ರೆಹಲೋಸ್ ಅನ್ನುವ ಸಕ್ಕರೆ ಇನ್ನೊಂದು ಆಸರೆ. ನೀರು ಹೋದ ಜಾಗಕ್ಕೆ ಅದು ಕೂತು ಕೋಶದ ಪೊರೆ ಕುಸಿಯದಂತೆ ಹಿಡಿಯುತ್ತದೆ. ಒಂದು ತಂಬಿಗೆ ನೀರು ಸುರಿದು ಸ್ವಲ್ಪ ಹೊತ್ತು ಕಾಯಿರಿ. ಕಪ್ಪಿನೊಳಗಿಂದ ಹಸಿರು ಮೂಡುತ್ತದೆ. ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ಇದನ್ನು ತೋರಿಸುತ್ತಿದ್ದೆ. ಗುಡಿ, ಶಾಸನ, ಚಿತ್ರ ಇರುವ ಬಂಡೆಗೆ ಮಾತ್ರ ಕೈ ಹಾಕಬೇಡಿ.

ಮೊದಲ ಮಳೆಯ ಮಣ್ಣಿನ ವಾಸನೆಯೂ ಇವರ ಬಳಗದ್ದೇ. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಕಟ್ಟುವ ಜಿಯೋಸ್ಮಿನ್ ಅದು. ಬ್ಯಾಸಗಿ ಪೂರ್ತಿ ಒಣಗಿದ ಯರೆ ಮಣ್ಣಿಗೆ ಹನಿ ಬಿದ್ದಾಗ ಮೇಲೆ ಚಿಮ್ಮುತ್ತದೆ.

ಬಿಸಿಲೂರು ಸೊಸೆ, ರಾಯಚೂರು
ಸರ್, ಮಗ ಈಗಲೇ ತಂಬಿಗೆ ಹುಡುಕುತ್ತಿದ್ದಾನೆ. ಆದರೆ ನನ್ನ ಭರಣಿ ಹಾಗೇ ಉಳಿಯಿತು. ಬಿಸಿಲಿಗೆ ಸ್ಪೋರ್ ಸಾಯದಿದ್ದರೆ ಉಪ್ಪಿನಕಾಯಿ ವರ್ಷ ಪೂರ್ತಿ ಹೇಗೆ ಇರುತ್ತದೆ?

ಓಟಿ ಸಿಸ್ಟರ್, ಬಳ್ಳಾರಿ
ಅಕ್ಕಾ, ಭರಣಿಯಲ್ಲಿ ಸ್ಪೋರ್ ಇದ್ದರೂ ಏಳಲು ಬಿಡಬಾರದು, ಅಷ್ಟೇ. ಬಿಸಿಲಿನ ಕೆಲಸ ತೇವ ತೆಗೆಯುವುದು. ಒಂದು ಹನಿ ನೀರು ಉಳಿದರೂ ಆ ಜಾಗದಲ್ಲಿ ಉಪ್ಪು ತೆಳ್ಳಗಾಗುತ್ತದೆ, ಬೂಸಲು ಅಲ್ಲಿಂದಲೇ ಶುರು. ಉಳಿದ ಕಾವಲು ಉಪ್ಪು ಮತ್ತು ಹುಳಿಯದು. ಡಬ್ಬಿ ಊಟದಲ್ಲಿ ಜೀವ ತೆಗೆಯುವ ಬೊಟುಲಿನಂ ಬ್ಯಾಕ್ಟೀರಿಯಾ ಕೂಡ ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಬೆಳೆಯುವುದಿಲ್ಲ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವುದು ಮಾತ್ರ ಅಪಾಯ. ಅಲ್ಲಿ ಹುಳಿ ಇಲ್ಲ, ಎಣ್ಣೆ ಕೆಳಗೆ ಗಾಳಿಯೂ ಇಲ್ಲ, ಅದಕ್ಕೆ ಬೇಕಾದ್ದೇ ಅದು.

ಗಂಗಾವತಿ ಮೆಸ್
ಅಗಲದ ಪರಾತ ಎರಡು ತಂದೆ. ಟ್ಯಾಂಕರಿನವನಿಗೂ ಫೋನ್ ಮಾಡಿ ಹೇಳಿದೆ. ಅವನು ನಕ್ಕ, ಬಾಕಿ ದುಡ್ಡು ಕೇಳಿದ.

ಬಿಸಿಲೂರು ಸೊಸೆ, ರಾಯಚೂರು
ಇದೆಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಸ್ಪೋರ್, ಮ್ಯಾಂಗನೀಸ್, ಜಪಾನಿನ ಹೆಂಟೆ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಕೇಳಿದರು, "ಹಂಗಾದ್ರ ಭರಣಿ ಬಿಸಿಲಿಗೆ ಇಡಬೇಕೋ ಬ್ಯಾಡೋ?" ಇಡಬೇಕು ಅಂದೆ. "ಅದನ್ನ ನಾ ಸೋಮವಾರನ ಹೇಳೇನಿ" ಅಂದು ಕಾಯಿ ಹೆಚ್ಚಲು ಕೂತರು.